ಗೊಬ್ಬರದ ಪಾಳಿಯಲ್ಲಿ ಮುಗಿಯದ ಜಗಳ

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ನಾಟಿ ಶುರುವಾಯಿತೆಂದರೆ ಸೊಸೈಟಿ ಮುಂದೆ ಪಾಳಿಯೂ ಶುರು. ಪಾಳಿ ಉದ್ದ ಆದಷ್ಟೂ ಮಾತು ಜಾಸ್ತಿ. ಮಾತು ಎಲ್ಲಿಂದಲೇ ಹೊರಡಲಿ, ಬಂದು ನಿಲ್ಲುವುದು ಒಂದೇ ಕಡೆ. ಎಲ್ಲಾ ಮುಗೀತಾ ಬಂತು! ಡಿಎಪಿ ಗೊಬ್ಬರ ಮುಗೀತು, ಪೆಟ್ರೋಲು ಇನ್ನು ಐವತ್ತು ವರ್ಷ, ಸಂಡೂರಿನ ಅದಿರು ಇನ್ನೆಷ್ಟು ದಿನ? ಆಗ ಹಿಂದಿನಿಂದ ಇನ್ನೊಬ್ಬರು ದನಿ ಎತ್ತುತ್ತಾರೆ. "ನಮ್ಮಪ್ಪನ ಕಾಲದಾಗೂ ಪೆಟ್ರೋಲು ಮೂವತ್ತು ವರ್ಷ ಅಂತಿದ್ರು. ಮುಗೀತೇನು?" ಅಲ್ಲಿಗೆ ಪಾಳಿ ಎರಡು ಪಕ್ಷ ಆಗುತ್ತದೆ. ಮುಂದಿನ ವರ್ಷವೂ ಇದೇ ಪಾಳಿ, ಇದೇ ಮಾತು.

ತಮಾಷೆ ಏನೆಂದರೆ, ಇಬ್ಬರು ಹೇಳುವ ಅಂಕಿಯೂ ಸರಿ. 1980ರ ಹೊತ್ತಿಗೆ ಗೊತ್ತಿದ್ದ ಕಚ್ಚಾತೈಲವನ್ನು ಆಗಿನ ಬಳಕೆಯಿಂದ ಭಾಗಿಸಿದರೆ ಸುಮಾರು 30 ವರ್ಷ ಬರುತ್ತಿತ್ತು. ನಲವತ್ತು ವರ್ಷ ಸುಟ್ಟ ಮೇಲೆ ಅದೇ ಲೆಕ್ಕ ಹಾಕಿದರೆ ಸುಮಾರು 50 ವರ್ಷ ಬರುತ್ತದೆ. ತಾಮ್ರದ ಕಥೆ ಇನ್ನೂ ವಿಚಿತ್ರ. 1970ರಲ್ಲಿ ಜಗತ್ತಿನ ತಾಮ್ರದ ನಿಕ್ಷೇಪ ಸುಮಾರು 28 ಕೋಟಿ ಟನ್ ಎಂದಿದ್ದರು. ಮುಂದಿನ ನಲವತ್ತು ವರ್ಷದಲ್ಲಿ ಸುಮಾರು 40 ಕೋಟಿ ಟನ್ ಅಗೆದು ತೆಗೆದರು. 2010ರಲ್ಲಿ ಉಳಿದ ನಿಕ್ಷೇಪ ಎಷ್ಟು? 63 ಕೋಟಿ ಟನ್. 28ರಲ್ಲಿ 40 ಕಳೆದರೆ 63 ಉಳಿಯುವ ಗಣಿತ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

ಗುಟ್ಟು ಇರುವುದು ನಿಕ್ಷೇಪ ಅನ್ನುವ ಲೆಕ್ಕದಲ್ಲೇ. ಭೂಮಿಯಲ್ಲಿ ಇರುವುದೆಲ್ಲ ನಿಕ್ಷೇಪ ಅಲ್ಲ. ಹುಡುಕಿ, ಅಳೆದು, ಇವತ್ತಿನ ಬೆಲೆಗೆ ಇವತ್ತಿನ ಯಂತ್ರದಿಂದ ತೆಗೆದರೆ ಗಿಟ್ಟುತ್ತದೆ ಅನ್ನುವಷ್ಟು ಮಾತ್ರ ನಿಕ್ಷೇಪ. ಮನೆಯ ಡಬ್ಬಿಯಲ್ಲಿ ಹದಿನೈದು ದಿನದ ಅಕ್ಕಿ ಇದೆ ಅಂದರೆ ಹದಿನಾರನೇ ದಿನ ಗಂಗಾವತಿಯಲ್ಲೇ ಅಕ್ಕಿ ಇರುವುದಿಲ್ಲ ಅಂತ ಅರ್ಥವೇ? ಗಣಿ ಕಂಪನಿಗಳೂ ಹಾಗೆಯೇ. ಮುಂದಿನ ಕೆಲವು ದಶಕಕ್ಕೆ ಸಾಕಾಗುವಷ್ಟು ಹುಡುಕಿಟ್ಟುಕೊಳ್ಳುತ್ತವೆ. ಅದಕ್ಕಿಂತ ಜಾಸ್ತಿ ಹುಡುಕಲು ಈಗಲೇ ದುಡ್ಡು ಯಾರು ಸುರಿಯುತ್ತಾರೆ?

ಇದನ್ನು ಬಳ್ಳಾರಿ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರಿನ ಗಣಿಗಳಲ್ಲಿ ಒಂದು ಕಾಲಕ್ಕೆ ಗಟ್ಟಿ ಅದಿರಿಗೆ ಮಾತ್ರ ಬೆಲೆ ಇತ್ತು. ಪುಡಿಯನ್ನು, ಅಂದರೆ ಫೈನ್ಸನ್ನು, ಗುಡ್ಡದ ಪಕ್ಕ ಸುರಿದುಬಿಡುತ್ತಿದ್ದರು. 2000ದ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳು ಎಷ್ಟು ಕೊಟ್ಟರೂ ಸಾಲದು ಅನ್ನತೊಡಗಿದವು. ಸುರಿದ ಪುಡಿಯೂ ಲಾರಿ ಹತ್ತಿತು. ಗುಡ್ಡ ಒಂದು ಅಡಿಯೂ ಬೆಳೆಯಲಿಲ್ಲ, ಅದಿರು ಮಾತ್ರ ಹೆಚ್ಚಾಯಿತು. ಮುಂದೆ ಉಲ್ಟಾ ಆಯಿತು. ಅಕ್ರಮ ಗಣಿಗಾರಿಕೆಯ ಕಾರಣಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಎಂಬ ಮಿತಿ ಬಂತು, ಅದನ್ನು ಸ್ವಲ್ಪ ಸ್ವಲ್ಪ ಏರಿಸಿದರು. ಗಣಿ ನಿಂತ ದಿನ ನೆಲದಲ್ಲಿ ಒಂದು ಕೆಜಿ ಅದಿರೂ ಕಡಿಮೆ ಆಗಿರಲಿಲ್ಲ. ಆದರೂ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದಿರಿಗೆ ಪರದಾಡಿತು.

ಈ ಜಗಳಕ್ಕೆ ಒಂದು ಹೆಸರಾಂತ ಪಂದ್ಯವೂ ಇದೆ. 1980ರಲ್ಲಿ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಬಾಜಿ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್, ಒಟ್ಟು 1,000 ಡಾಲರಿನ ಸರಕು. ಹತ್ತು ವರ್ಷದಲ್ಲಿ ಬೆಲೆ ಏರಿದರೆ ಎರ್ಲಿಕ್ ಗೆದ್ದಂತೆ, ಇಳಿದರೆ ಸೈಮನ್. 1990ರಲ್ಲಿ ಎರ್ಲಿಕ್ 576 ಡಾಲರಿನ ಚೆಕ್ ಕಳಿಸಿ ಸೋಲು ಒಪ್ಪಿಕೊಂಡರು. "ಮುಗಿಯಲ್ಲ" ಅನ್ನುವವರು ಇವತ್ತಿಗೂ ಈ ಚೆಕ್ ತೋರಿಸುತ್ತಾರೆ. ಆದರೆ ಬಾಜಿ 2000ದ ಸುಮಾರಿಗೆ ಶುರುವಾಗಿದ್ದರೆ? ಸಂಡೂರಿನ ಪುಡಿಗೆ ಬೆಲೆ ತಂದ ಅದೇ ಚೀನಾ ಬೇಡಿಕೆ ಆ ಲೋಹಗಳ ಬೆಲೆಯನ್ನೂ ಏರಿಸಿತ್ತು. ಚೆಕ್ ಬರೆಯುವ ಸರದಿ ಸೈಮನ್ನರ ಕಡೆಯದಾಗುತ್ತಿತ್ತು. ಹತ್ತು ವರ್ಷದ ಬೆಲೆ ನೋಡಿ ಭೂಮಿಯ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಲು ಆಗುವುದಿಲ್ಲ, ಅಷ್ಟೇ.

ಸರಿ, ಪಾಳಿ ನಿಂತಿರುವುದು ಗೊಬ್ಬರಕ್ಕೆ. ಅದಕ್ಕೇ ಬರೋಣ.

ಯೂರಿಯಾದ ಸಾರಜನಕದ ಬಗ್ಗೆಯೂ ಒಮ್ಮೆ "ಮುಗೀತು" ಅಂದಿದ್ದರು. 1898ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಚಿಲಿ ದೇಶದ ನೈಟ್ರೇಟ್ ಉಪ್ಪು ಖಾಲಿಯಾದರೆ ಗೋಧಿ ಉಣ್ಣುವವರು ಹಸಿಯುತ್ತಾರೆ ಎಂದು ಎಚ್ಚರಿಸಿದರು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ, ಅದನ್ನು ಹಿಡಿಯುವ ದಾರಿ ಹುಡುಕಿ ಎಂದೂ ಅವರೇ ಹೇಳಿದರು. ಫ್ರಿಟ್ಜ್ ಹೇಬರ್ ದಾರಿ ಹುಡುಕಿದರು, ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದರು. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಉತ್ಪಾದನೆ ಶುರುವಾಯಿತು. ಗಾಳಿ ಮುಗಿಯುವುದಿಲ್ಲ. ಆದರೆ ಗಾಳಿಯಿಂದ ಅಮೋನಿಯ ಮಾಡಲು ಜಲಜನಕ ಬೇಕು, ಅದು ಬರುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. ನಮ್ಮ ಯೂರಿಯಾ ಕಾರ್ಖಾನೆಗಳು ಅನಿಲದ ಹಡಗಿನ ದಾರಿ ಕಾಯುತ್ತವೆ. ಕೊರತೆ ಹೋಗಲಿಲ್ಲ, ಜಾಗ ಬದಲಿಸಿತು.

ರಂಜಕದ, ಅಂದರೆ ಫಾಸ್ಫರಸ್ಸಿನ, ಮಾತು ಬೇರೆ. ಡಿಎಪಿ ಚೀಲದ ಮೇಲೆ 18-46 ಅಂತ ಇರುತ್ತದಲ್ಲ, ಆ 46 ಇದರದ್ದು. ಇದು ಗಾಳಿಯಲ್ಲಿಲ್ಲ. ಕಾರ್ಖಾನೆಯಲ್ಲಿ ಹುಟ್ಟಿಸಲು ಬರುವುದಿಲ್ಲ. ಡಿಎನ್‌ಎ, ಮೂಳೆ, ಜೀವಕೋಶದ ಶಕ್ತಿ, ಎಲ್ಲಕ್ಕೂ ಇದೇ ಬೇಕು, ಬದಲಿ ಇಲ್ಲ. ಇರುವುದು ಕಲ್ಲಿನಲ್ಲಿ. 2009ರಲ್ಲಿ ಕೆಲವು ಸಂಶೋಧಕರು, ಈ ಕಲ್ಲಿನ ಉತ್ಪಾದನೆ 2030ರ ಆಸುಪಾಸಿಗೆ ತುದಿ ಮುಟ್ಟಿ ಇಳಿಯುತ್ತದೆ ಎಂದರು. ಜಗತ್ತೇ ಗಾಬರಿಯಾಯಿತು. ಎರಡೇ ವರ್ಷದಲ್ಲಿ, ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದ ನಿಕ್ಷೇಪದ ಅಂಕಿಯನ್ನು ಅಮೆರಿಕದ ಭೂವಿಜ್ಞಾನ ಇಲಾಖೆ 570 ಕೋಟಿ ಟನ್ನಿನಿಂದ 5,000 ಕೋಟಿ ಟನ್ನಿಗೆ ಏರಿಸಿತು. ಆ ಲೆಕ್ಕ ಹಿಡಿದರೆ ಈಗಿನ ಬಳಕೆಗೆ ಸುಮಾರು 300 ವರ್ಷ ಸಾಕಾಗುತ್ತದೆ.

ಹಾಗಾದರೆ "ಮುಗಿಯಲ್ಲ" ಪಕ್ಷ ಗೆದ್ದಿತಾ? ಪೆಸಿಫಿಕ್ ಸಾಗರದ ನೌರು ದ್ವೀಪದವರನ್ನು ಕೇಳಬೇಕು. ಇಡೀ ದೇಶ 21 ಚದರ ಕಿಲೋಮೀಟರ್. ಕಳೆದ ಶತಮಾನದ ಆರಂಭದಿಂದ ಅಲ್ಲಿನ ರಂಜಕದ ಕಲ್ಲು ಅಗೆದು ಹಡಗಿಗೆ ತುಂಬಿದರು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಅದು ಜಗತ್ತಿನ ಸಿರಿವಂತ ದೇಶಗಳಲ್ಲೊಂದು. ಶತಮಾನ ಮುಗಿಯುವ ಹೊತ್ತಿಗೆ ಕಲ್ಲು ಬಹುಪಾಲು ಖಾಲಿ. ದ್ವೀಪದ ಮಧ್ಯಭಾಗ ಸುಣ್ಣಕಲ್ಲಿನ ಮೊನೆಗಳ ಬರಡು. ಜಗತ್ತಿನ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ. ನನಗೆ ಈ ಜಗಳದಲ್ಲಿ ಸಿಟ್ಟು ಬರುವುದು ಇಲ್ಲಿಯೇ. ಜಗತ್ತಿಗೆ ಮುಗಿಯಿತಾ ಅಂತ ಕೇಳುತ್ತಾರೆ, ಯಾರಿಗೆ ಮುಗಿಯಿತು ಅಂತ ಕೇಳುವುದಿಲ್ಲ.

ಆ ರಂಜಕ ಹೋಯಿತಾದರೂ ಎಲ್ಲಿಗೆ? ಹೆಚ್ಚಿನದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ. ಅಲ್ಲಿಂದ ಹುಲ್ಲು, ಕುರಿ, ಗೋಧಿ, ಮನುಷ್ಯ, ಚರಂಡಿ, ಸಮುದ್ರ. ಒಂದು ಪರಮಾಣುವೂ ನಾಶವಾಗಿಲ್ಲ. ಒಂದು ಕಡೆ ಗುಡ್ಡೆಯಾಗಿದ್ದದ್ದು ಎಲ್ಲೆಲ್ಲೋ ಚೆಲ್ಲಿ ಹೋಗಿದೆ. ಚೆಲ್ಲಿದ್ದನ್ನು ಮತ್ತೆ ಕೂಡಿಹಾಕಲು ಶಕ್ತಿ ಬೇಕು, ದುಡ್ಡು ಬೇಕು. ಪೆಟ್ರೋಲಿನಲ್ಲಿ ಇದಕ್ಕೂ ಅವಕಾಶವಿಲ್ಲ. ಸುಟ್ಟ ಮೇಲೆ ಶಕ್ತಿ ಹೋಯಿತು, ಹೊಗೆ ಉಳಿಯಿತು. (ಪೆಟ್ರೋಲು ಮುಗಿಯುವ ಚಿಂತೆಗಿಂತ ಆ ಹೊಗೆಯ ಚಿಂತೆ ದೊಡ್ಡದು. ಪಾಳಿಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ.)

ನಮ್ಮ ಕಡೆಯ ರಂಜಕವೂ ಹೀಗೇ ಚೆಲ್ಲಿದೆ, ಆದರೆ ಬಹಳ ದೂರ ಹೋಗಿಲ್ಲ. ಹಾಕಿದ ಡಿಎಪಿಯ ರಂಜಕದಲ್ಲಿ ಆ ಹಂಗಾಮಿನ ಬೆಳೆ ಹೀರುವುದು ಸಾಮಾನ್ಯವಾಗಿ ಕಾಲು ಭಾಗವೂ ಇಲ್ಲ. ರಾಯಚೂರು, ಕೊಪ್ಪಳದ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಜಾಸ್ತಿ. ರಂಜಕ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ಬೇರಿಗೆ ಸುಲಭಕ್ಕೆ ಸಿಗದ ಹಾಗೆ ಕೂರುತ್ತದೆ. ವರ್ಷಾನುಗಟ್ಟಲೆ ಹೀಗೆ ಕೂತದ್ದು ಹೊಲದಲ್ಲೇ ಇದೆ. ಅದನ್ನು ಕರಗಿಸಿ ಕೊಡುವ ಬ್ಯಾಕ್ಟೀರಿಯಾ ಇವೆ. ತಿಪ್ಪೆ ಗೊಬ್ಬರ ಹಾಕಿದರೆ, ಹೊಲದಲ್ಲಿ ರಾತ್ರಿ ಕುರಿ ತರುಬಿಸಿದರೆ ಆ ಬ್ಯಾಕ್ಟೀರಿಯಾಕ್ಕೆ ಆಹಾರವೂ ಸಿಗುತ್ತದೆ. ಅದು ಬಿಟ್ಟು ಡಿಎಪಿಯನ್ನೇ ಸುರಿಯುತ್ತಾ ಹೋದರೆ ಬೆಳೆಗೆ ಸತು ಸಿಗುವುದು ಕಷ್ಟವಾಗುತ್ತದೆ. ಸತು ಸಾಲದ ನೆಲ್ಲಿನ ಎಲೆಯ ಮೇಲೆ ಕಂದು ಚುಕ್ಕೆ ಬಿದ್ದಾಗ ಮತ್ತೊಂದು ಚೀಲ ಡಿಎಪಿ ಹಾಕುವವರಿದ್ದಾರೆ!

ಪಾಳಿಯ ಕೊರತೆಗೆ ಕಾರಣ ಕಲ್ಲು ಅಲ್ಲ, ದಾರಿ. ಡಿಎಪಿಗೆ ಬೇಕಾದ ಕಲ್ಲು, ಆಮ್ಲ, ಕೆಲವು ಸಲ ಡಿಎಪಿಯೇ ಹೊರದೇಶದಿಂದ ಬರಬೇಕು. ಚೀನಾ ರಫ್ತಿಗೆ ಬಿಗಿ ಮಾಡಿದರೆ ಬಂದರಿನಲ್ಲಿ ಕಡಿಮೆ, ರೇಕು, ಅಂದರೆ ಗೊಬ್ಬರದ ಗೂಡ್ಸ್ ರೈಲು, ತಡವಾದರೆ ಜಿಲ್ಲೆಯಲ್ಲಿ ಕಡಿಮೆ. 2025ರಲ್ಲಿ ಮುಂಗಾರು ಬೇಗ ಬಂತು, ಮೆಕ್ಕೆಜೋಳದ ಬಿತ್ತನೆ ಏರಿತು, ಎಲ್ಲರಿಗೂ ಒಂದೇ ವಾರ ಯೂರಿಯಾ ಬೇಕಾಯಿತು. ಕೊಪ್ಪಳದಲ್ಲಿ ಆದ ಗಲಾಟೆ ನೆನಪಿರಬಹುದು. ಡಿಎಪಿ ಸಿಗದಿದ್ದರೆ ಲೆಕ್ಕ ಸುಲಭ. ಒಂದು ಚೀಲ ಡಿಎಪಿಯಲ್ಲಿ 23 ಕೆಜಿ ರಂಜಕದ ಅಂಶ, 9 ಕೆಜಿ ಸಾರಜನಕ. ಮೂರು ಚೀಲ ಸೂಪರ್ ಫಾಸ್ಫೇಟ್ ತಂದರೆ 24 ಕೆಜಿ ರಂಜಕ ಸಿಗುತ್ತದೆ, ಅದರ ಜೊತೆ ಗಂಧಕ ಪುಕ್ಕಟೆ. ಸಾರಜನಕಕ್ಕೆ ಯೂರಿಯಾ ಅರ್ಧ ಚೀಲವೂ ಬೇಡ. ಹೊರುವ ಭಾರ ಜಾಸ್ತಿ ಅನ್ನುವುದು ನಿಜ.

ಚೆಲ್ಲಿದ ರಂಜಕವನ್ನು ಕೂಡಿಹಾಕುವುದು ಹೊಸ ವಿದ್ಯೆಯೇನಲ್ಲ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ರಂಜಕವನ್ನು ಮೊದಲು ಕಂಡದ್ದು ಮೂತ್ರ ಕುದಿಸಿ. ಆತ ಹುಡುಕುತ್ತಿದ್ದದ್ದು ಚಿನ್ನ ಮಾಡುವ ದಾರಿ. ಒಬ್ಬ ಮನುಷ್ಯನ ದೇಹದಿಂದ ವರ್ಷಕ್ಕೆ ಸುಮಾರು ಅರ್ಧ ಕೆಜಿ ರಂಜಕ ಹೊರಹೋಗುತ್ತದೆ, ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ. ಯುರೋಪು, ಕೆನಡಾದ ಕೆಲವು ನಗರಗಳು ಕೊಳಚೆ ನೀರಿನಿಂದ ಅದನ್ನು ಹರಳಾಗಿ ತೆಗೆದು ಗೊಬ್ಬರವಾಗಿ ಮಾರುತ್ತಿವೆ.

ಇನ್ನು ತುಂಗಭದ್ರೆ. ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿ ಹೋದಾಗ ಮಣ್ಣಿಗೆ ಅಂಟಿದ ರಂಜಕವೂ ಜೊತೆಗೇ ಹೋಗುತ್ತದೆ. ಮೇಲಿನ ಜಿಲ್ಲೆಗಳಿಂದ ಹೀಗೆ ಬಂದ ಮಣ್ಣು ಜಲಾಶಯದಲ್ಲಿ ಕೂರುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. "ಹೂಳು ತೆಗೆಯಿರಿ" ಅನ್ನುವುದೂ ಪ್ರತಿ ಬೇಸಿಗೆಯ ಜಗಳ. ಕೆಲವು ವರ್ಷಗಳ ಹಿಂದೆ ರೈತರೇ ಹೂಳಿನ ಜಾತ್ರೆ ಅಂತ ಮಾಡಿ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊತ್ತರು. ಹೊಲಕ್ಕೆ ಅದು ಒಳ್ಳೆಯ ಗೊಬ್ಬರವೇ. ಆದರೆ ಇಡೀ ಹೂಳು ತೆಗೆಯುವ ಲೆಕ್ಕ ಹಾಕಿ ನೋಡಿ. 28 ಟಿಎಂಸಿ ಅಂದರೆ ಸುಮಾರು 79 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರ್ ಅಂತ ಹಿಡಿದರೆ ಹತ್ತಿರ ಹತ್ತಿರ 8 ಕೋಟಿ ಲೋಡು. ಸಾವಿರ ಟಿಪ್ಪರುಗಳು ದಿನಕ್ಕೆ ಹತ್ತು ಸಲ ಓಡಿದರೂ, ಒಂದು ದಿನವೂ ರಜೆ ಇಲ್ಲದೆ, ಸುಮಾರು ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾಗುವ ದಡದ ಮಣ್ಣನ್ನು ಮಾತ್ರ ಸುತ್ತಲಿನ ಹಳ್ಳಿಯವರು ಹೊತ್ತುಕೊಂಡು ಹೋಗಬಹುದು, ಡೀಸೆಲ್ಲಿನ ಖರ್ಚು ಗಿಟ್ಟುವಷ್ಟು ದೂರದವರೆಗೆ.