35 ದಿನದ ಮಾತ್ರೆ

ದೊಡ್ಡಮ್ಮನ ಸೊಂಟದ ಕೀಲು ಬದಲಾಯಿಸಿ 20 ದಿನ ಆಗಿತ್ತು. ನೋಡಲು ಹೋದವನು ಸುಮ್ನೆ ಅವರ ಮಾತ್ರೆ ಡಬ್ಬಿ ತೆಗೆದೆ. ನೋವಿನ ಮಾತ್ರೆಯ ಸ್ಟ್ರಿಪ್ ಪೂರ್ತಿ ಖಾಲಿ. ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟ ಮಾತ್ರೆ ಮಾತ್ರ ಲೆಕ್ಕಕ್ಕಿಂತ ಆರು ಜಾಸ್ತಿ ಉಳಿದಿತ್ತು.

"ಹೊಲಿಗೆ ಬಿಚ್ಚಿದ್ರಲ್ಲೋ, ಇನ್ನ್ಯಾಕೆ ಅದು? ರಕ್ತ ಬೇರೆ ನೀರಾಗುತ್ತಂತೆ" ಅಂದರು.

ನೋವಿನ ಮಾತ್ರೆ ಮರೆತರೆ ಸೊಂಟವೇ ನೆನಪಿಸುತ್ತದೆ. ಈ ಮಾತ್ರೆಗೆ ಅಂಥ ಗಂಟೆ ಇಲ್ಲ. ತಗೊಂಡರೂ ಏನೂ ಗೊತ್ತಾಗಲ್ಲ, ಬಿಟ್ಟರೂ ಗೊತ್ತಾಗಲ್ಲ.

ಹೊಲಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸದೆ ಇಡುತ್ತೇವಲ್ವಾ? ರಕ್ತದ ರಸಾಯನ ಬೇರೆಯೇ, ಆದರೆ ನಿಂತಲ್ಲಿ ಗಟ್ಟಿಯಾಗುವ ಬುದ್ಧಿ ಅದಕ್ಕೂ ಇದೆ. ನಡೆಯುವಾಗ ಮೀನಖಂಡದ ಸ್ನಾಯು ಪಂಪಿನ ಹಾಗೆ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿದರೆ ಆ ಪಂಪು ನಿಂತ ಹಾಗೆಯೇ. ರಕ್ತ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟು ಬೀಳುವುದು, ರಕ್ತವೇ ಗಟ್ಟಿಯಾಗಲು ಹೊರಡುವುದು: ಹೆಪ್ಪಿನ ಈ ಮೂರು ಕಾರಣಗಳಿಗೆ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ಫಿರ್ಖೋ ಹೆಸರು ಅಂಟಿಕೊಂಡಿದೆ. ಕೀಲು ಬದಲಾಯಿಸುವಾಗ ಮೂರೂ ಒಟ್ಟಿಗೆ ಬರುತ್ತವೆ. ಕಾಲು ತಿರುಚುವಾಗ ನಾಳ ಹಿಂಡಿಹೋಗುತ್ತದೆ. ಮೂಳೆಯ ಒಳಗನ್ನು ಕೊರೆಯುವಾಗ ಹೆಪ್ಪು ಶುರು ಮಾಡುವ ಪದಾರ್ಥ ರಕ್ತಕ್ಕೆ ಸೇರುತ್ತದೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಇದು ಮೊದಲ ವಾರದ ಭಯ ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾದ ರೋಗಿಗಳ ದಾಖಲೆ ಜಾಲಾಡಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೊಂಟದ ಕೀಲು ಬದಲಾಯಿಸಿಕೊಂಡು ಹೆಪ್ಪಿನ ತೊಂದರೆಗೆ ಸಿಕ್ಕವರಲ್ಲಿ ಅರ್ಧದಷ್ಟು ಜನರಿಗೆ ಅದು ಪತ್ತೆಯಾದದ್ದು 17ನೇ ದಿನ ದಾಟಿದ ಮೇಲೆ. ಮಂಡಿಯದಾದರೆ 7ನೇ ದಿನ. ಅದಕ್ಕೇ ರಿವರೊಕ್ಸಬಾನ್‌ನಂಥ ಮಾತ್ರೆಯನ್ನು ಮಂಡಿಗೆ ಸುಮಾರು 2 ವಾರ, ಸೊಂಟಕ್ಕೆ 5 ವಾರ ಬರೆಯುತ್ತಾರೆ. ದೊಡ್ಡಮ್ಮ ನಿಲ್ಲಿಸಿದ್ದು 14ನೇ ದಿನ.

ಇನ್ನು 'ರಕ್ತ ನೀರಾಗುತ್ತೆ' ಅನ್ನೋದು. ತಪ್ಪು ಅವರದಲ್ಲ, ನಾವಿಟ್ಟ ಹೆಸರಿನದು. 'ರಕ್ತ ತೆಳು ಮಾಡೋ ಮಾತ್ರೆ' ಅಂದರೆ ಸಾರಿಗೆ ನೀರು ಬೆರೆಸಿದ ಹಾಗೆ ಅಂತ ಯಾರಿಗಾದರೂ ಅನ್ನಿಸುತ್ತದೆ. ರಕ್ತ ಇದ್ದಷ್ಟೇ ದಪ್ಪ ಇರುತ್ತದೆ. ಹೆಪ್ಪುಗಟ್ಟಿಸುವ ಸರಪಳಿಯಲ್ಲಿ 'ಹತ್ತು ಎ' ಎಂಬ ಒಂದು ಕೊಂಡಿ ಇದೆ. ಅದರ ಒಂದು ಅಣು, ರಕ್ತವನ್ನು ಗಟ್ಟಿಯಾಗಿಸುವ ಥ್ರಾಂಬಿನ್ ಎಂಬ ಪದಾರ್ಥದ ಸುಮಾರು 1000 ಅಣುಗಳನ್ನು ಹುಟ್ಟಿಸಬಲ್ಲದು. ಮಾತ್ರೆ ಆ ಕೊಂಡಿಯನ್ನು ಹಿಡಿದಿಡುತ್ತದೆ, ಅಷ್ಟೇ. (ಹೆಸರಿನ ಕೊನೆಯ 'ಕ್ಸಬಾನ್' ನೋಡಿ. ರೋಮನ್ ಹತ್ತು ಎಂದರೆ 'ಎಕ್ಸ್', ಅದರ ಪಕ್ಕದಲ್ಲಿ 'ಎ', ಆಮೇಲೆ ಬ್ಯಾನ್!)

ಆದರೆ ಹಿಡಿತ ಹೆಚ್ಚು ಹೊತ್ತು ಇರಲ್ಲ. ವಯಸ್ಸಾದವರಲ್ಲೂ 11ರಿಂದ 13 ಗಂಟೆಗೆ ರಿವರೊಕ್ಸಬಾನ್ ಅರ್ಧಕ್ಕೆ ಇಳಿಯುತ್ತದೆ. ನಿನ್ನೆಯದು ಇವತ್ತು ಸಂಜೆಗೆ ಬರುವುದಿಲ್ಲ. ಹಾಗಂತ ಮರೆತದ್ದನ್ನು ಮರುದಿನ ಎರಡು ನುಂಗಿ ಸರಿಮಾಡುವಂತಿಲ್ಲ. ರಕ್ತಸ್ರಾವದ ಅಪಾಯ ನಿಜವಾದದ್ದೇ. ಮೆಡಿಕಲ್ ಶಾಪಿನಿಂದ ತಾವಾಗಿಯೇ ನೋವಿನ ಮಾತ್ರೆ ತಂದು ಜೊತೆಗೆ ನುಂಗಿದರೆ ಅದು ಇನ್ನೂ ಹೆಚ್ಚುತ್ತದೆ. ಮಲ ಕಪ್ಪಾದರೆ ಡಾಕ್ಟರಿಗೆ ಹೇಳಬೇಕು. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ ಕಾಯಬಾರದು.

ಕೆಲವರಿಗೆ ಐದು ದಿನ ಇದನ್ನು ಕೊಟ್ಟು ಆಮೇಲೆ ಆಸ್ಪಿರಿನ್‌ಗೆ ಬದಲಾಯಿಸುತ್ತಾರೆ. ಕೆನಡಾದಲ್ಲಿ 3,424 ಜನರ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ರಿವರೊಕ್ಸಬಾನನ್ನೇ ಮುಂದುವರಿಸುವುದು, ಆಸ್ಪಿರಿನ್‌ಗೆ ಬದಲಾಯಿಸುವುದು, ಎರಡು ದಾರಿಯೂ ಹೆಚ್ಚುಕಮ್ಮಿ ಸಮ ಬಂದವು. ಇಲ್ಲೂ ಒಂದು ಗೊಂದಲ: "ಅದು ಹಾರ್ಟಿನ ಮಾತ್ರೆ, ನಂಗ್ಯಾಕೆ?"

ಇದನ್ನೆಲ್ಲ ಹೇಳುವುದು ಯಾವಾಗ? ಡಿಸ್‌ಚಾರ್ಜ್ ದಿನ. ಮಗ ಬಿಲ್ಲಿಂಗ್ ಕೌಂಟರಿನಲ್ಲಿ, ಸೊಸೆ ಬಾಗಿಲಿಗೆ ಕಾರು ತರಿಸುತ್ತ, ರೋಗಿ ವೀಲ್‌ಚೇರಿನಲ್ಲಿ. ಕೈಯಲ್ಲಿ ಇಂಗ್ಲಿಷ್ ಹಾಳೆ, ಅದರಲ್ಲಿ 1-0-0. ಮರೆಯದಿದ್ದರೆ ಆಶ್ಚರ್ಯ!

ಡಾಕ್ಟರಿಗೆ ಫೋನ್ ಮಾಡಿದೆ. ಮಿಕ್ಕ 15 ದಿನಕ್ಕೆ ಮತ್ತೆ ಶುರು ಮಾಡಿ ಎಂದರು. ಅಡುಗೆಮನೆ ಕ್ಯಾಲೆಂಡರಿನಲ್ಲಿ ದೊಡ್ಡಮ್ಮ ದಿನಾ ಹಾಲಿನ ಲೆಕ್ಕ ಬರೆಯುತ್ತಾರೆ. ಒಂದು ದಿನವೂ ತಪ್ಪಿಲ್ಲ. ಈಗ ಅದೇ ಚೌಕದಲ್ಲಿ ಅರ್ಧ ಲೀಟರಿನ ಪಕ್ಕ ಇನ್ನೊಂದು ಗೀಟು ಇದೆ.