ಕೈಕಾಲು ಮಲಗಿತ್ತು, ಕಿವಿ ಮಲಗಿರಲಿಲ್ಲ

ಮಂಡ್ಯದ ನಮ್ಮ ದೊಡ್ಡಮ್ಮ ಕೊನೆಯ ಹೆರಿಗೆಯ ಮಾತು ಬಂದಾಗೆಲ್ಲ ಇದನ್ನೇ ಹೇಳುತ್ತಾರೆ. "ಸಿಸೇರಿಯನ್ ಮಾಡೋವಾಗ ನಂಗೆ ಎಚ್ಚರ ಇತ್ತು ಕಣೋ. ಡಾಕ್ಟ್ರು ದಾರ ಕೇಳಿದ್ದು ಕೇಳಿಸ್ತು. ಕೂಗೋಣ ಅಂದ್ರೆ ನಾಲಿಗೆ ಏಳ್ಲಿಲ್ಲ." ನಾವು, ಮತ್ತಿನಲ್ಲಿ ಕನಸು ಬಿದ್ದಿರಬೇಕು ಅಂತ ನಗುತ್ತಿದ್ದೆವು.

ಪೂರ್ತಿ ಅರಿವಳಿಕೆ, ಅಂದರೆ ಆಪರೇಷನ್‌ಗೆ ಪೂರ್ತಿ ಎಚ್ಚರ ತಪ್ಪಿಸುವುದು, ಒಂದೇ ಔಷಧಿಯಿಂದ ಆಗುವುದಿಲ್ಲ. ಎಚ್ಚರ ತಪ್ಪಿಸಲು ಒಂದು, ನೋವಿಗೆ ಒಂದು, ಸ್ನಾಯು ಸಡಿಲಿಸಲು ಇನ್ನೊಂದು. ಕೊನೆಯದರ ಮೂಲ ದಕ್ಷಿಣ ಅಮೆರಿಕದ ಬೇಟೆಗಾರರ ಬಾಣದ ವಿಷ, ಕ್ಯುರಾರೆ. 1947ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯರು ಅದನ್ನು ತಮಗೇ ಚುಚ್ಚಿಸಿಕೊಂಡರು. ಒಂದು ಬೆರಳೂ ಅಲ್ಲಾಡಲಿಲ್ಲ. ಆದರೆ ಸುತ್ತ ನಡೆದದ್ದೆಲ್ಲ ಅವರಿಗೆ ಗೊತ್ತಾಗುತ್ತಿತ್ತು!

ಮೈ ಅಲ್ಲಾಡದೆ ಎಚ್ಚರ ಮಾತ್ರ ಉಳಿಯುವ ಈ ಅಪಾಯ ಸಿಸೇರಿಯನ್‌ನಲ್ಲಿ ಜಾಸ್ತಿ. ತಾಯಿಗೆ ಕೊಟ್ಟ ಔಷಧಿ ಮಗುವಿಗೂ ತಲುಪುತ್ತದೆ. ಅರಿವಳಿಕೆಯ ಅನಿಲ ಹೆಚ್ಚಾದರೆ ಗರ್ಭಕೋಶ ಸಡಿಲವಾಗಿ ರಕ್ತ ಹೋಗುತ್ತದೆ. ಹಾಗಾಗಿ ಕೈ ಬಿಗಿ ಹಿಡಿದೇ ಕೊಡಬೇಕು. ಮೇಲಾಗಿ ತುರ್ತು: ಎಚ್ಚರ ತಪ್ಪಿದ ಕೂಡಲೇ ಕೊಯ್ಯಲು ಶುರು. ಮೊದಲ ಇಂಜೆಕ್ಷನ್‌ನ ಪ್ರಭಾವ ಇಳಿಯುತ್ತಿರುತ್ತದೆ, ಅನಿಲ ಇನ್ನೂ ಪೂರ್ತಿ ಏರಿರುವುದಿಲ್ಲ. ಕರೆಂಟು ಹೋಗಿ ಜನರೇಟರ್ ಹತ್ತುವ ನಡುವಿನ ಗಳಿಗೆ ಇದ್ದ ಹಾಗೆ.

1977ರಲ್ಲಿ ಸ್ಕಾಟ್ಲೆಂಡಿನ ಟನ್‌ಸ್ಟಾಲ್ ಎಂಬ ವೈದ್ಯರು ಒಂದು ಸರಳ ಉಪಾಯ ಮಾಡಿದರು. ಸ್ನಾಯು ಸಡಿಲಿಸುವ ಔಷಧಿಗೆ ಮುಂಚೆ ತಾಯಿಯ ಒಂದು ತೋಳಿಗೆ ಬಿಪಿ ನೋಡುವ ಪಟ್ಟಿಯಂಥದ್ದನ್ನು ಬಿಗಿದರು. ಔಷಧಿ ಆ ಕೈಗೆ ಇಳಿಯಲಿಲ್ಲ. "ನನ್ನ ಬೆರಳು ಅದುಮಮ್ಮ" ಅಂದರೆ, ಎಚ್ಚರವಿದ್ದವರು ಅದುಮಬಹುದಿತ್ತು.

ಇದು ಎಷ್ಟು ಜನಕ್ಕೆ ಆಗುತ್ತದೆ? 2014ರ ಬ್ರಿಟನ್–ಐರ್ಲೆಂಡ್ ವರದಿಯಲ್ಲಿ, ಪೂರ್ತಿ ಅರಿವಳಿಕೆಯ ಸಿಸೇರಿಯನ್‌ಗಳಲ್ಲಿ ಸುಮಾರು 670ಕ್ಕೆ ಒಬ್ಬರು. ಅದು ತಾಯಂದಿರು ತಾವಾಗಿ ಹೇಳಿಕೊಂಡ ಲೆಕ್ಕ. 2021ರ ಇಂಗ್ಲೆಂಡಿನ ಅಧ್ಯಯನ ತಾಯಂದಿರನ್ನು ಹುಡುಕಿ ಕೇಳಿತು. ಹೆರಿಗೆ ಸಂಬಂಧದ ಆಪರೇಷನ್‌ಗಳಲ್ಲಿ ಸುಮಾರು 256ಕ್ಕೆ ಒಬ್ಬರು! ಕೇಳಿದರೆ ಹೇಳುತ್ತಾರೆ, ಅಲ್ವಾ?

ಈಗ ಹೆಚ್ಚಿನ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್. ತಾಯಿಗೆ ಎಚ್ಚರ ಇದ್ದೇ ಇರುತ್ತದೆ, ನೋವು ಮಾತ್ರ ಇರುವುದಿಲ್ಲ. ಪೂರ್ತಿ ಅರಿವಳಿಕೆ ತೀರಾ ತುರ್ತಿದ್ದಾಗ, ಇಲ್ಲವೇ ಬೆನ್ನಿಗೆ ಕೊಡಲಾಗದಿದ್ದಾಗ.

ಹೋದ ವರ್ಷ ಪಿತ್ತಕೋಶದ ಕಲ್ಲಿಗೆ ದೊಡ್ಡಮ್ಮನನ್ನು ಮೈಸೂರಿಗೆ ಕರೆದೊಯ್ದೆವು. ಅರಿವಳಿಕೆ ಡಾಕ್ಟರು, "ಹಿಂದೆ ಮತ್ತು ಕೊಟ್ಟಾಗ ಏನಾದ್ರೂ ತೊಂದರೆ ಆಗಿತ್ತಾ?" ಅಂದರು. ದೊಡ್ಡಮ್ಮ ನನ್ನ ಮುಖ ನೋಡಿ, ಅಳುಕುತ್ತಲೇ ಹೇಳಿದರು. ಆ ಡಾಕ್ಟರು ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು. "ಏನೇನು ಕೇಳಿಸ್ತು, ಹೇಳಿ ಅಮ್ಮ."