ಜಹಾಂಗೀರ್ ಗೆದ್ದದ್ದು ಚಿತ್ರದಲ್ಲಿ ಮಾತ್ರ

ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಒಂದು ಮೊಘಲ್ ಚಿತ್ರ ಇದೆ. ನೋಟ್‌ಬುಕ್ ಹಾಳೆಗಿಂತ ದೊಡ್ಡದೇನಲ್ಲ. ಸುಮಾರು 1616ರಲ್ಲಿ ಅಬುಲ್ ಹಸನ್ ಬರೆದದ್ದು. ಕೆಳಗೊಂದು ಮೀನು, ಮೀನಿನ ಮೇಲೆ ಎತ್ತು, ಎತ್ತಿನ ಮೇಲೆ ಭೂಗೋಳ, ಅದರ ಮೇಲೆ ಬಿಲ್ಲು ಹಿಡಿದು ನಿಂತ ಬಾದಶಹ ಜಹಾಂಗೀರ್. ಎದುರಿಗೆ ಭರ್ಜಿಗೆ ಸಿಕ್ಕಿಸಿದ ಒಂದು ತಲೆ. ಬಾಣ ಬಿಡ್ತಾ ಇರುವುದು ಅದಕ್ಕೇ.

ಆ ತಲೆ ಮಲಿಕ್ ಅಂಬರನದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ದಖ್ಖನ್‌ಗೆ ಬಂದು, ಕೊನೆಗೆ ಅಹ್ಮದ್‌ನಗರದ ನಿಜಾಮಶಾಹಿ ರಾಜ್ಯವನ್ನೇ ನಡೆಸಿದವನು. ಮೊಘಲರಿಗೆ ವರ್ಷಗಟ್ಟಲೆ ನಿದ್ದೆ ಕೆಡಿಸಿದ. ಅವನ ತಲೆ ಜಹಾಂಗೀರನಿಗೆ ಯಾವತ್ತೂ ಸಿಗಲಿಲ್ಲ.

ಚಿತ್ರದಲ್ಲಿ ಸುಮ್ನೆ ತುಂಬಿಸಿದ ವಸ್ತು ಒಂದೂ ಇಲ್ಲ. ಜಹಾಂಗೀರ್ ಅಂದರೆ ಜಗತ್ತನ್ನು ಹಿಡಿದವನು, ಹಾಗಾಗಿ ಕಾಲಡಿಗೆ ಭೂಗೋಳ. ಅವನ ಇನ್ನೊಂದು ಬಿರುದು ನೂರುದ್ದೀನ್, ಧರ್ಮದ ಬೆಳಕು. ಬೆಳಕಿನ ವೈರಿ ಯಾರು? ಗೂಬೆ. ಅದಕ್ಕೇ ಅಂಬರನ ತಲೆಯ ಹತ್ತಿರ ಗೂಬೆಗಳಿವೆ, ಪಕ್ಕದ ಪರ್ಷಿಯನ್ ಸಾಲುಗಳೂ ಅವನ ಮೈಬಣ್ಣವನ್ನೇ ಹಿಡಿದು ಹಂಗಿಸುತ್ತವೆ. ಮೀನು, ಎತ್ತು ಭೂಮಿಯನ್ನು ಹೊತ್ತಿವೆ ಅನ್ನೋದು ಇಸ್ಲಾಮಿ ಜಗತ್ತಿನ ಹಳೇ ಕಲ್ಪನೆ. ಆ ಕಾಲದ ಚಿತ್ರಗಳಲ್ಲಿ ಮೊಘಲ್ ದೊರೆಗಳ ತಲೆಯ ಹಿಂದೆ ಇರುವ ಪ್ರಭಾವಳಿಗೆ ಯುರೋಪಿನ ಅಚ್ಚು ಚಿತ್ರಗಳ ನಂಟಿದೆ. ಅವನ್ನು ಅಕ್ಬರನ ಕಾಲದಲ್ಲೇ ಜೆಸ್ಯೂಟ್ ಪಾದ್ರಿಗಳು ಆಸ್ಥಾನಕ್ಕೆ ತಂದಿದ್ದರು.

ನನಗೆ ವಿಚಿತ್ರ ಅನಿಸೋದು ಬೇರೆ. ಇದೇ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಹಕ್ಕಿಗಳನ್ನು ಒಂದೊಂದು ಗರಿ ಲೆಕ್ಕ ಇಟ್ಟಂತೆ ಬರೆಯುತ್ತಿದ್ದ. 1618ರಲ್ಲಿ ಅಫೀಮು, ಹೆಂಡದಿಂದ ಮೂಳೆ ಚಕ್ಕಳವಾಗಿ ಸಾಯುತ್ತಿದ್ದ ಅಧಿಕಾರಿ ಇನಾಯತ್ ಖಾನನನ್ನು ಕಂಡ ಜಹಾಂಗೀರ್, ಅವನನ್ನು ಇದ್ದಂತೆಯೇ ಬರೆಯಿರಿ ಅಂತ ಚಿತ್ರಕಾರರಿಗೆ ಹೇಳಿದ. ಪಕ್ಕೆಲುಬು ಎಣಿಸಬಹುದು, ಹಾಗಿದೆ ಆ ಚಿತ್ರ. ಕಂಡದ್ದನ್ನು ಕಂಡಂತೆ ಬರೆಯುವ ಈ ಕೈಚಳಕವೇ ಆಗದ್ದನ್ನು ಆದಂತೆ ತೋರಿಸೋಕೂ ಬಂತು. ಬಟ್ಟೆಯ ನೆರಿಗೆ, ಮುತ್ತಿನ ಹಾರ, ಮೂಗಿನ ಓರೆ ಎಲ್ಲ ನಿಜ ಅಂತ ಕಣ್ಣು ಒಪ್ಪಿದ ಮೇಲೆ ಉಳಿದದ್ದನ್ನೂ ನಂಬುತ್ತೆ, ಅಲ್ವಾ?

ಜಹಾಂಗೀರ್ ಇರಾನಿನ ದೊರೆ ಶಾ ಅಬ್ಬಾಸನನ್ನು ಅಪ್ಪಿಕೊಂಡ ಚಿತ್ರವೂ ಹೀಗೇ. ಇಬ್ಬರೂ ಜೀವನದಲ್ಲಿ ಭೇಟಿಯಾದವರೇ ಅಲ್ಲ. ಆದರೆ ಶಾನ ಮುಖ ಹೇಗಿದೆ ಅಂತ ನೋಡಿ ಬರೆದು ತರಲು 1613ರಲ್ಲಿ ರಾಯಭಾರಿಯ ಜೊತೆ ಬಿಷನ್ ದಾಸ್ ಎಂಬ ಚಿತ್ರಕಾರನನ್ನು ಕಳಿಸಿದ್ದರು! ಚಿತ್ರದಲ್ಲಿ ಜಹಾಂಗೀರ್ ಸಿಂಹದ ಮೇಲೆ, ಶಾ ಕುರಿಯ ಮೇಲೆ. 1622ರಲ್ಲಿ ಆ ಕುರಿಯ ಮೇಲಿನವನು ಬಂದು ಮೊಘಲರ ಕೈಯಲ್ಲಿದ್ದ ಕಂದಹಾರ್ ನಗರವನ್ನೇ ಕಿತ್ತುಕೊಂಡ.

ಇಷ್ಟು ಚಿಕ್ಕ ಹಾಳೆಯಲ್ಲಿ ಇಷ್ಟೆಲ್ಲ ಹಿಡಿಸಿದ್ದು ಹೇಗೆ? ಕುಂಚದ ತುದಿಗೆ ಅಳಿಲಿನ ಬಾಲದ ಕೂದಲು. ನೀಲಿಗೆ ಅಫ್ಘಾನಿಸ್ತಾನದ ಬದಕ್ಷಾನ್ ಗಣಿಯ ಲ್ಯಾಪಿಸ್ ಕಲ್ಲು. ಆ ಕಲ್ಲಿನ ಹರಳಿನೊಳಗೆ ಮೂರು ಗಂಧಕ ಪರಮಾಣುಗಳ ಗುಂಪುಗಳು ಸಿಕ್ಕಿಕೊಂಡಿರುತ್ತವೆ. ಬೆಳಕಿನ ಕೆಂಪು-ಹಳದಿ ಭಾಗವನ್ನು ಅವು ಹೀರಿಕೊಳ್ಳುತ್ತವೆ, ನಮಗೆ ನೀಲಿ ಉಳಿಯುತ್ತದೆ. ಬಣ್ಣ ಹಾಕಿದ ಮೇಲೆ ಹಾಳೆಯನ್ನು ಬೋರಲು ಹಾಕಿ ಹಿಂದಿನಿಂದ ನುಣುಪು ಕಲ್ಲಿನಲ್ಲಿ ಉಜ್ಜುತ್ತಿದ್ದರು. ಬಣ್ಣದ ಪದರ ಒತ್ತಾಗಿ ಹೊಳಪು ಬರುವುದು ಅದರಿಂದ.

ಅತ್ತ ಅಂಬರ್? 1624ರಲ್ಲಿ, ಅಂದರೆ ಚಿತ್ರದಲ್ಲಿ ಅವನ ತಲೆ ಹೋಗಿ ಎಂಟು ವರ್ಷದ ಮೇಲೆ, ಅವನು ಭಾತವಡಿಯಲ್ಲಿ ಮೊಘಲರು ಮತ್ತು ಬಿಜಾಪುರದವರ ಜಂಟಿ ಸೈನ್ಯವನ್ನು ಸೋಲಿಸಿದ. ಅಷ್ಟಕ್ಕೇ ಬಿಡದೆ ನಮ್ಮ ವಿಜಯಪುರದ ಬಾಗಿಲಿಗೂ ಬಂದು, ಪಕ್ಕದಲ್ಲಿ ಅಲ್ಲಿನ ಸುಲ್ತಾನ ಇಬ್ರಾಹಿಂ ಆದಿಲ್ ಶಾ ಆಸೆಪಟ್ಟು ಕಟ್ಟಿಸಿದ್ದ ನವರಸಪುರವನ್ನು ಹಾಳುಗೆಡವಿದ. ತೀರಿಕೊಂಡದ್ದು 1626ರಲ್ಲಿ, ಯಾರ ಬಾಣದಿಂದಲೂ ಅಲ್ಲ, ವಯಸ್ಸಾಗಿ. ಆಗ ಅವನ ಯುದ್ಧವಿದ್ಯೆಗೆ ಸಾಟಿಯೇ ಇರಲಿಲ್ಲ ಅಂತ ಬರೆದಿಟ್ಟವನು ಮುತಮದ್ ಖಾನ್, ಜಹಾಂಗೀರನ ಕೈ ಸೋತ ಮೇಲೆ ಅವನ ಆತ್ಮಕಥೆಯನ್ನು ಮುಂದುವರಿಸಿದ್ದ ಅದೇ ಅಧಿಕಾರಿ.